15 ಕೆ.ಜಿ. ಬಾಕ್ಸು, 14 ಕೆ.ಜಿ. ನೀರು, ಒಂದು ಟರ್ಕಿ ರೊಟ್ಟಿ

ಈ ಸಲ ಅಂಗಮಾರಿ, ವೈರಸ್ಸು, ಡ್ರಿಪ್ಪಲ್ಲಿ ಬಿಡೋ ಗೊಬ್ಬರ ಯಾವುದೂ ಇಲ್ಲ. ಅಡುಗೆ ಬಗ್ಗೆ ಬರೀತಾ ಇದ್ದೀನಿ. ಪೇಜು ದಾರಿ ಬಿಡ್ತು ಅಂದ್ಕೋಬೇಡಿ, ಪೂರ್ತಿ ಓದಿ. ಇದೂ ಟೊಮೆಟೊ ವಿಷಯಾನೇ.

ಟರ್ಕಿ ದೇಶದಲ್ಲಿ ಲಹ್ಮಾಜೂನ್ ಅಂತ ಒಂದು ರೊಟ್ಟಿ ಮಾಡ್ತಾರೆ. ಗೋಧಿ ಹಿಟ್ಟನ್ನ ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಮೇಲೆ ಕೈಮ, ಟೊಮೆಟೊ, ಮೆಣಸಿನಕಾಯಿ, ಸೊಪ್ಪು ಎಲ್ಲ ಸೇರಿಸಿದ ಮಸಾಲೆಯನ್ನ ಬೆಣ್ಣೆ ಸವರಿದ ಹಾಗೆ ಸವರಿ, ಕಾದ ಕಲ್ಲಿನ ಒಲೆಗೆ ಹಾಕಿ ಕೆಲವೇ ನಿಮಿಷದಲ್ಲಿ ತೆಗೀತಾರೆ. ಮೇಲೆ ನಿಂಬೆಹಣ್ಣು ಹಿಂಡಿ, ಸೊಪ್ಪು ಉದುರಿಸಿ, ಸುತ್ತಿಕೊಂಡು ತಿನ್ನೋದು. ಚೀಸ್ ಇರಲ್ಲ. ಯುರೋಪಿನ ಕಡೆ ಇದಕ್ಕೆ ‘ಟರ್ಕಿ ಪಿಜ್ಜಾ’ ಅಂತಾರೆ. 1961ರಲ್ಲಿ ಜರ್ಮನಿ ಟರ್ಕಿ ಜೊತೆ ಒಪ್ಪಂದ ಮಾಡ್ಕೊಂಡು ಕೆಲಸಕ್ಕೆ ಜನ ಕರೆಸಿಕೊಳ್ತು. ಹೋದ ಜನ ತಮ್ಮ ಊರಿನ ಊಟಾನೂ ಜೊತೆಗೆ ಒಯ್ದರು. ಅಲ್ಲಿನೋರಿಗೆ ಅರ್ಥ ಆಗಲಿ ಅಂತ ಪಿಜ್ಜಾ ಅನ್ನೋ ಹೆಸರು ಅಂಟಿಕೊಳ್ತು. ಮೂಲ ಹೆಸರು ಅರಬ್ಬಿ ಭಾಷೆಯದು, ‘ಹಿಟ್ಟಿನ ಜೊತೆ ಮಾಂಸ’ ಅಂತ ಅರ್ಥ.

ನಮ್ಮ ಪಕ್ಕದ ಊರಿನ ಹುಡುಗ ಒಬ್ಬ ಕುವೈತಿನ ಹೋಟೆಲಲ್ಲಿ ಟರ್ಕಿ ಅಡುಗೆಯವನ ಕೈಕೆಳಗೆ ಆರು ವರ್ಷ ಕೆಲಸ ಮಾಡಿ ಬಂದಿದ್ದಾನೆ. ನನಗೆ ಇದನ್ನ ಕಲಿಸಿದ್ದು ಅವನೇ. ನಾನು ತೋಟದಿಂದ ಒಳ್ಳೇ ಕೆಂಪು ಹಣ್ಣು ಆರಿಸಿ ತಂದು ಮುಂದಿಟ್ಟೆ. ಅವನು ನಕ್ಕು, “ಅಣ್ಣಾ, ಇದರಲ್ಲಿ ಎರಡು ಸಾಕು. ಉಳಿದಿದ್ದಕ್ಕೆ ಪೇಸ್ಟು ಬೇಕು. ಅವರು ಟಮೋಟನ ತೋಟದಿಂದ ಹಾಕೋದಕ್ಕಿಂತ ಜಾಡಿಯಿಂದ ಹಾಕೋದೇ ಜಾಸ್ತಿ” ಅಂದ. ಟೊಮೆಟೊ ಬೆಳೆಯೋ ನನಗೆ ಈ ಮಾತು ತಲೇಲಿ ಕೂತುಬಿಡ್ತು. ಹಸಿ ಹಣ್ಣು ಕೈಯಲ್ಲಿದ್ದರೂ ಪೇಸ್ಟೇ ಯಾಕೆ ಬೇಕು?

ಕಾರಣ ನೀರು. ಟೊಮೆಟೊದಲ್ಲಿ ನೂರಕ್ಕೆ 94-95 ಭಾಗ ನೀರೇ. ತೆಳ್ಳಗಿನ ರೊಟ್ಟಿ ಮೇಲೆ ಹಸಿ ಟೊಮೆಟೊ ಹೆಚ್ಚಿ ಹಾಕಿದ್ರೆ ಬಿಸಿಗೆ ನೀರು ಬಿಡುತ್ತೆ, ರೊಟ್ಟಿ ಬೇಯೋ ಬದಲು ನೆನೆಯುತ್ತೆ. ಪೇಸ್ಟ್ ಹಾಕಿದ್ರೆ ಬಣ್ಣ, ಹುಳಿ, ರುಚಿ ಎಲ್ಲ ಬರುತ್ತೆ, ನೀರು ಬರಲ್ಲ. ಅಡುಗೆಮನೆ ಲೆಕ್ಕ ಇಷ್ಟೇ.

ಈಗ ಇದೇ ಲೆಕ್ಕಾನ ತೋಟಕ್ಕೆ ತನ್ನಿ. ಮಂಡಿಗೆ ನಾವು ಹಾಕೋ ಬಾಕ್ಸು 15 ಕೆ.ಜಿ.ದು. ಅದರಲ್ಲಿ ಹತ್ತಿರ ಹತ್ತಿರ 14 ಕೆ.ಜಿ. ನೀರು. ನಮ್ಮ ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರುಗಳಿಂದ ಎತ್ತಿದ ನೀರು ಅದು. ಕರೆಂಟ್ ಬರೋ ಹೊತ್ತಿಗೆ ಎದ್ದು, ಮೋಟಾರ್ ಹಾಕಿ, ಡ್ರಿಪ್ಪಲ್ಲಿ ಹನಿ ಹನಿಯಾಗಿ ಬಿಟ್ಟು, ಹಣ್ಣಿನೊಳಗೆ ತುಂಬಿ, ಆಳಿಗೆ ಕೂಲಿ ಕೊಟ್ಟು ಕೊಯ್ದು, ಗಾಡಿ ಬಾಡಿಗೆ ಕೊಟ್ಟು ಮಂಡಿಗೆ ಒಯ್ಯೋದು. ರೇಟು ಬಿದ್ದ ದಿನ ಬಾಡಿಗೆಯೂ ಹುಟ್ಟಲ್ಲ. ರಸ್ತೆ ಪಕ್ಕ ಸುರಿದು ಬರ್ತೀವಿ. ಸುರಿಯೋದು ಬರೀ ಹಣ್ಣಲ್ಲ, ಅಷ್ಟು ಆಳದ ನೀರೂ ಕೂಡ. 2023ರ ಜುಲೈಯಲ್ಲಿ ಇದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಕೂತವರಿದ್ದಾರೆ. ಆಗ ಹಣ್ಣಿಲ್ಲದ ಟೊಮೆಟೊ ರೈತರ ಮನೆಗಳಲ್ಲೂ ಸಾರಿಗೆ ಹುಣಸೆಹಣ್ಣೇ ಗತಿಯಾಗಿತ್ತು. ಒಂದು ತಿಂಗಳು ಸುರೀತೀವಿ, ಇನ್ನೊಂದು ತಿಂಗಳು ಅಂಗಡೀಲಿ ಕೊಳ್ತೀವಿ. ಎರಡೂ ಒಂದೇ ಮನೆಯಲ್ಲಿ ನಡೆಯುತ್ತೆ.

ಲಹ್ಮಾಜೂನಿಗೆ ಹೆಸರಾದ ಊರುಗಳು ಟರ್ಕಿಯ ಆಗ್ನೇಯ ಮೂಲೆಯಲ್ಲಿವೆ. ಗಾಜಿಯಾಂತೆಪ್ ಒಂದು, ಉರ್ಫಾ ಇನ್ನೊಂದು. ಗಾಜಿಯಾಂತೆಪ್ ನಗರವನ್ನ 2015ರಲ್ಲಿ ಯುನೆಸ್ಕೋ ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿದ್ದೇ ಅಲ್ಲಿನ ಅಡುಗೆಗಾಗಿ. ಎರಡೂ ಊರಿಗೆ ಸಿರಿಯಾ ಗಡಿ ಹತ್ತಿರ, ಒಣ ಸೀಮೆ, ನಮಗಿಂತ ಕಡಿಮೆ ಮಳೆ. ಮಳೆ ಬರೋದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಒಂದು ಹನಿ ಬಿದ್ದರೆ ಹೆಚ್ಚು. ಗೋಧಿಯ ಮೂಲವೂ ಆ ಕಡೆಯದೇ. ಉರ್ಫಾದಿಂದ ಸ್ವಲ್ಪ ದೂರದ ಕರಜಾದಾ ಬೆಟ್ಟದ ಸುತ್ತಲಿನ ಕಾಡುಗೋಧಿಯಿಂದಲೇ ಐನ್‌ಕಾರ್ನ್ ಅನ್ನೋ ಹಳೇ ಗೋಧಿ ಪಳಗಿತು ಅಂತ 1997ರಲ್ಲಿ ವಿಜ್ಞಾನಿಗಳು ಡಿಎನ್‌ಎ ಹೋಲಿಸಿ ಹೇಳಿದರು. ನಮ್ಮ ಉತ್ತರ ಕರ್ನಾಟಕದವರು ಮಾದಲಿಗೆ, ಹುಗ್ಗಿಗೆ ಹುಡುಕೋ ಜವೆಗೋಧಿ ಇದೆಯಲ್ಲ, ಅದರ ಪೂರ್ವಜರೂ ಅದೇ ಪಶ್ಚಿಮ ಏಷ್ಯಾದ ಸೀಮೆಯವರು. ಟೊಮೆಟೊ, ಮೆಣಸಿನಕಾಯಿ ಮಾತ್ರ ಅವರಿಗೂ ನಮಗೂ ಹೊಸಬರು. ಎರಡೂ ಅಮೆರಿಕಾ ಖಂಡದವು, 1492ರಲ್ಲಿ ಕೊಲಂಬಸ್ ಹೋಗಿ ಬಂದ ಮೇಲೆ ಈ ಕಡೆ ದಾಟಿದ್ದು.

ಆದ್ರೆ ಬಂದ ಬೆಳೆಯನ್ನ ಅವರು ಇಟ್ಟುಕೊಂಡ ರೀತಿ ಬೇರೆ. ಪೇಸ್ಟಿಗೆ ಅವರು ‘ಸಾಲ್ಚಾ’ ಅಂತಾರೆ. ಆಗಸ್ಟ್, ಸೆಪ್ಟೆಂಬರಲ್ಲಿ ಹಣ್ಣು ಅಗ್ಗವಾದಾಗ ಹಳ್ಳಿಗಳಲ್ಲಿ ಮನೆ ಮನೆಯಲ್ಲೂ ಇದೇ ಕೆಲಸ. ನೆರೆಹೊರೆ ಹೆಂಗಸರು ಸೇರಿ ಹಣ್ಣು ಕಿವುಚಿ, ಸಿಪ್ಪೆ ಬೀಜ ಸೋಸಿ, ಉಪ್ಪು ಹಾಕಿ, ದೊಡ್ಡ ತಟ್ಟೆಗಳಿಗೆ ಸುರಿದು ಮಾಳಿಗೆ ಮೇಲೆ ಬಿಸಿಲಿಗಿಡ್ತಾರೆ. ದಿನಕ್ಕೆ ಎರಡು ಮೂರು ಸಲ ತಿರುವ್ತಾರೆ. ಕೆಲವು ದಿನಕ್ಕೆ ಗಟ್ಟಿಯಾಗಿ ಕಡುಗೆಂಪು ಆಗುತ್ತೆ. ಜಾಡಿಗೆ ತುಂಬಿ ಮೇಲೆ ಆಲಿವ್ ಎಣ್ಣೆ ಹಾಕಿ ಇಟ್ಟರೆ ಮುಂದಿನ ವರ್ಷದ ತನಕ ಸಾರು, ಪಲ್ಯ, ರೊಟ್ಟಿ ಎಲ್ಲದಕ್ಕೂ ಅದೇ. ಕೆಂಪು ಮೆಣಸಿನಕಾಯಿದೂ ಹೀಗೇ ಪೇಸ್ಟ್ ಮಾಡ್ತಾರೆ. ಉರ್ಫಾ ಕಡೆ ಇಸೋತ್ ಅನ್ನೋ ಮೆಣಸಿನಕಾಯಿ ಇದೆ. ಅದನ್ನ ಹಗಲು ಬಿಸಿಲಿಗೆ ಹರಡಿ, ರಾತ್ರಿ ಮುಚ್ಚಿ ಬೆವರಿಸ್ತಾರೆ. ಹಾಗೆ ಮಾಡಿ ಮಾಡಿ ಕಪ್ಪು ಕೆಂಪಾಗಿ, ಹೊಗೆಯಾಡಿದ ಹಾಗೆ ಒಂದು ರುಚಿ ಬರುತ್ತೆ. ನಾವು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಗಿಸೋದು ಎಲ್ಲ ಬಲ್ಲೆವು. ಟೊಮೆಟೊ ಮಾತ್ರ ‘ದುಡ್ಡಿನ ಬೆಳೆ’ ಅಂತ ಮಂಡಿಗೆ ಮೀಸಲಿಟ್ಟಿದ್ದೀವಿ, ಮಾಳಿಗೆಗೆ ಹತ್ತಿಸಿಲ್ಲ.

ಈ ಮಾರ್ಚಲ್ಲಿ ನಾವು ಹತ್ತಿಸಿದ್ವಿ. ಲೆಕ್ಕ ಬರೆದಿಟ್ಟಿದ್ದೀನಿ, ನೋಡಿ.

ಎರಡು ಬಾಕ್ಸು, ಅಂದ್ರೆ 30 ಕೆ.ಜಿ. ಹಣ್ಣು. ಮಂಡಿಗೆ ಹೋಗದ ಸಣ್ಣ ಸೈಜು, ಬಿಸಿಲಿಗೆ ಮಚ್ಚೆ ಬಿದ್ದಿದ್ದು, ಆದರೆ ಕೊಳೆಯದೆ ಪೂರ್ತಿ ಹಣ್ಣಾಗಿರೋದು. ಹುಳ ಬಿದ್ದಿದ್ದು, ಬೂಸ್ಟು ಹಿಡಿದಿದ್ದು ಒಂದೂ ಸೇರಿಸಬಾರದು. ಔಷಧಿ ಹೊಡೆದಿದ್ದರೆ ಡಬ್ಬದ ಮೇಲೆ ಬರೆದಷ್ಟು ದಿನ ಕಳೆದಿರಲೇಬೇಕು. ನೀರು ಆವಿಯಾಗಿ ಹೋಗುತ್ತೆ, ಔಷಧಿ ಹಾಗೆ ಹೋಗುತ್ತೆ ಅಂತ ನಂಬಬೇಡಿ. ಚೆನ್ನಾಗಿ ತೊಳೆದು, ನಾಲ್ಕು ಹೋಳು ಮಾಡಿ, ಒಂದು ಕುದಿ ಬರಿಸಿ ಜರಡಿಯಲ್ಲಿ ಉಜ್ಜಿ ಸೋಸಿದಾಗ ಸುಮಾರು 25 ಲೀಟರ್ ರಸ. ಸೌದೆ ಒಲೆ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಎರಡೂವರೆ ಗಂಟೆ ಕುದಿಸಿದಾಗ 12 ಲೀಟರಿಗೆ ಇಳೀತು. ಅಲ್ಯೂಮಿನಿಯಂ ಬೇಡ, ಟೊಮೆಟೊ ಹುಳಿ ಅದನ್ನ ತಿನ್ನುತ್ತೆ. 200 ಗ್ರಾಂ ಉಪ್ಪು ಸೇರಿಸಿ ಐದು ಅಗಲವಾದ ಸ್ಟೀಲ್ ತಟ್ಟೆಗೆ ಹಾಕಿ, ಮೇಲೆ ತೆಳ್ಳನೆ ಪಂಚೆ ಬಟ್ಟೆ ಕಟ್ಟಿ ಮಾಳಿಗೆಗಿಟ್ವಿ. ನಾಲ್ಕು ದಿನದ ಬಿಸಿಲು. ರಾತ್ರಿ ಮಂಜು ಬೀಳುತ್ತೆ ಅಂತ ಒಳಗೆ. ಕೊನೆಗೆ ತೂಗಿದಾಗ 3 ಕೆ.ಜಿ. 800 ಗ್ರಾಂ. ಚಮಚ ನೆಟ್ಟರೆ ನಿಲ್ಲೋ ಅಷ್ಟು ಗಟ್ಟಿ.

ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, ಮೇಲೆ ಒಂದು ಬೆರಳು ದಪ್ಪ ಕಡಲೇಕಾಯಿ ಎಣ್ಣೆ ಬಿಟ್ಟು ಫ್ರಿಜ್ಜಲ್ಲಿಟ್ಟಿದ್ದೀವಿ. ಒಣ ಚಮಚ ಬಿಟ್ಟು ಬೇರೆ ಹಾಕಬಾರದು. ಬೂಸ್ಟು ಕಂಡರೆ ಮೇಲಿಂದ ಕೆರೆದು ತಿನ್ನೋಕೆ ಹೋಗದೆ ಇಡೀ ಬಾಟಲಿ ಎಸೀರಿ.

ಕಾಲ ನೋಡಿ ಮಾಡಿ. ಟರ್ಕಿಯವರು ಆಗಸ್ಟಲ್ಲಿ ಮಾಡ್ತಾರೆ ಅಂತ ನಾವೂ ಆಗಸ್ಟಲ್ಲಿ ತಟ್ಟೆ ಇಟ್ಟರೆ ಮೋಡಕ್ಕೆ ಬೂಸ್ಟು ಬರುತ್ತೆ. ನಮ್ಮ ಬಿಸಿಲು ಫೆಬ್ರವರಿಯಿಂದ ಮೇ ಮೊದಲ ಮಳೆ ತನಕ. ಆ ತಿಂಗಳುಗಳಲ್ಲಿ ರೇಟು ಬಿದ್ದರೆ ಮಾಳಿಗೆ ಇದೆ. ಬೇರೆ ತಿಂಗಳಲ್ಲಿ ಪೂರ್ತಿ ಒಲೆ ಮೇಲೇ ಆಗಬೇಕು, ಸೌದೆ ಖರ್ಚು ಜಾಸ್ತಿ, ತಳ ಹಿಡಿಯದಂತೆ ತಿರುವೋ ಕೆಲಸವೂ ಜಾಸ್ತಿ.

ಮೆಣಸಿನಕಾಯಿ ಪೇಸ್ಟಿಗೆ ನಮ್ಮ ಕಡೆ ಪಾಲಿಹೌಸಲ್ಲಿ ಬೆಳೆಯೋ ಕೆಂಪು ಕ್ಯಾಪ್ಸಿಕಂ ಸರಿಹೋಗುತ್ತೆ. ಅವರದೂ ಸಿಹಿ ಜಾತಿಯ ಕೆಂಪು ಮೆಣಸಿನಕಾಯಿಯೇ. ಅದು ಸಿಗದಿದ್ರೆ ಬ್ಯಾಡಗಿ ಮೆಣಸಿನಕಾಯಿ 15-20 ತಗೊಂಡು, ಬೀಜ ತೆಗೆದು, ಬಿಸಿನೀರಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಎಣ್ಣೇಲಿ ಉಪ್ಪು ಹಾಕಿ ನೀರು ಆರೋ ತನಕ ಹುರಿದರೆ ಸಾಕು. ಬ್ಯಾಡಗಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ. ಈ ರೊಟ್ಟಿಗೆ ಬೇಕಾಗಿರೋದೂ ಅದೇ. ಗುಂಟೂರು ಹಾಕಿದ್ರೆ ಖಾರವೊಂದೇ ಬಾಯಿಗೆ ಸಿಗೋದು. ಕ್ಯಾಪ್ಸಿಕಮ್ಮಲ್ಲಿ ಟೊಮೆಟೊದಷ್ಟು ಹುಳಿ ಇರಲ್ಲ, ಅದಕ್ಕೆ ಬೇಗ ಕೆಡುತ್ತೆ. ಸ್ವಲ್ಪ ಸ್ವಲ್ಪ ಮಾಡಿ ಫ್ರಿಜ್ಜಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.

ಇಷ್ಟು ಇದ್ದರೆ ರೊಟ್ಟಿ ಮಾಡೋದು ಒಂದು ಗಂಟೆ ಕೆಲಸ, ಅದರಲ್ಲಿ ಅರ್ಧ ಹಿಟ್ಟು ನೆನೆಯೋಕೇ ಹೋಗುತ್ತೆ. ನಾಲ್ಕು ಜನಕ್ಕೆ, ತಲೆಗೆ ಎರಡರಂತೆ ಎಂಟು ರೊಟ್ಟಿ ಲೆಕ್ಕ.

ಹಿಟ್ಟು: ಮೈದಾ 200 ಗ್ರಾಂ, ಚಪಾತಿ ಹಿಟ್ಟು 200 ಗ್ರಾಂ, ಒಂದು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ, ಸುಮಾರು ಕಾಲು ಲೀಟರ್ ನೀರು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗಿರಲಿ. ಚೆನ್ನಾಗಿ ನಾದಿ, ಎಂಟು ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಿಡದೆ ಲಟ್ಟಿಸಿದ್ರೆ ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತೆ. ಅಲ್ಲಿ ಸ್ವಲ್ಪ ಈಸ್ಟ್ ಹಾಕೋರೂ ಇದ್ದಾರೆ, ಹಾಕದೋರೂ ಇದ್ದಾರೆ. ತೆಳ್ಳಗಿನ ರೊಟ್ಟಿ ಉಬ್ಬೋ ಅಗತ್ಯ ಇಲ್ಲ, ನಾವು ಹಾಕಲ್ಲ. ರಾಗಿ ಹಿಟ್ಟಲ್ಲಿ ಆಗುತ್ತಾ ಅಂತ ನಮ್ಮೂರೋರು ಕೇಳೇ ಕೇಳ್ತಾರೆ. ಆಗಲ್ಲ. ರಾಗಿಯಲ್ಲಿ ಗೋಧಿಯ ಜಿಗುಟು ಇಲ್ಲ, ಇಷ್ಟು ತೆಳ್ಳಗೆ ಎಳೆದರೆ ಹರಿಯುತ್ತೆ.

ಮೇಲಿನ ಮಸಾಲೆ: ಮಟನ್ ಕೈಮ ಕಾಲು ಕೆ.ಜಿ., ಸ್ವಲ್ಪ ಕೊಬ್ಬು ಸೇರಿರಲಿ, ಎರಡು ಸಲ ಮಿಷಿನ್ನಿಗೆ ಹಾಕಿಸಿ. ಕೈಮ ಅನ್ನೋ ಪದಾನೂ ಆ ಕಡೆಯದೇ. ಟರ್ಕಿಯಲ್ಲಿ ಕೊಚ್ಚಿದ ಮಾಂಸಕ್ಕೆ ‘ಕಿಯ್ಮಾ’ ಅಂತಾರೆ, ಪಾರ್ಸಿ, ಉರ್ದು ದಾಟಿ ನಮ್ಮ ಕೈಮ ಉಂಡೆ ತನಕ ಬಂದಿದೆ. ಒಂದು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ ಹಿಂಡಿ ನೀರು ತೆಗೀರಿ. ಎರಡು ಟೊಮೆಟೊ ಬೀಜ ತೆಗೆದು ಸಣ್ಣಗೆ ಹೆಚ್ಚಿ ಅದನ್ನೂ ಹಿಂಡಿ. ಹಿಂಡಿದ ನೀರು ಸಾರಿಗೆ ಆಗುತ್ತೆ. ಒಂದು ಕ್ಯಾಪ್ಸಿಕಂ, ಎರಡು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ. ಅವರು ಹಾಕೋದು ಪಾರ್ಸ್ಲಿ ಸೊಪ್ಪು, ಬೆಂಗಳೂರಿಗೆ ಬೆಳೆದು ಕಳಿಸೋರು ನಿಮ್ಮೂರಲ್ಲಿ ಇದ್ದರೆ ಕೇಳಿ ತಗೊಳ್ಳಿ. ಟೊಮೆಟೊ ಪೇಸ್ಟ್ ಒಂದು ದೊಡ್ಡ ಚಮಚ, ಮೆಣಸಿನಕಾಯಿ ಪೇಸ್ಟ್ ಒಂದು ದೊಡ್ಡ ಚಮಚ, ಎಣ್ಣೆ ಎರಡು ಚಮಚ. ಪೇಸ್ಟಲ್ಲೇ ಉಪ್ಪಿರೋದರಿಂದ ಉಪ್ಪು ಕೈ ಹಿಡಿದು ಹಾಕಿ. ಎಲ್ಲ ಸೇರಿಸಿ ಕೈಯಲ್ಲಿ ಚೆನ್ನಾಗಿ ಕಲಸಿ, ಸವರೋಕೆ ಬರೋ ಹಾಗಿರಬೇಕು. ಇದರಲ್ಲೂ ಊರಿಗೊಂದು ಪಂಗಡ ಇದೆ. ಗಾಜಿಯಾಂತೆಪ್ ಕಡೆಯೋರು ಬೆಳ್ಳುಳ್ಳಿ ಹಾಕ್ತಾರೆ, ಉರ್ಫಾದೋರು ಈರುಳ್ಳಿ ಹಾಕ್ತಾರೆ, ತಮ್ಮದೇ ಸರಿ ಅಂತ ಇಬ್ಬರೂ ವಾದ ಮಾಡ್ತಾರಂತೆ. ನಮ್ಮ ಮನೇಲಿ ಎರಡೂ.

ಬೇಯಿಸೋದು: ಅಲ್ಲಿ ಮಸಾಲೆ ಮನೇಲೋ ಮಾಂಸದ ಅಂಗಡೀಲೋ ಕಲಸಿಸ್ಕೊಂಡು ಬೀದಿಯ ರೊಟ್ಟಿ ಒಲೆಗೆ ಒಯ್ದು ಕೊಡೋ ರೂಢಿ ಇದೆ. ಒಲೆಯವನು ಹಿಟ್ಟು ತಟ್ಟಿ, ಸವರಿ, ಸುಟ್ಟು ಕೊಡ್ತಾನೆ. ನಮಗೆ ದಪ್ಪ ಕಬ್ಬಿಣದ ಕಾವಲಿ ಸಾಕು. ಉಂಡೆಯನ್ನ ಒಂದು ಗೇಣಗಲ ಲಟ್ಟಿಸಿ. ಕಾವಲಿ ಚೆನ್ನಾಗಿ ಕಾದ ಮೇಲೆ ರೊಟ್ಟಿ ಹಾಕಿ, ತಕ್ಷಣ ಎರಡು ದೊಡ್ಡ ಚಮಚ ಮಸಾಲೆ ಹಾಕಿ ಅಂಚಿನ ತನಕ ತೆಳ್ಳಗೆ ಸವರಿ. ಹಿಟ್ಟು ಕಾಣದಂತೆ ದಪ್ಪಗೆ ಮೆತ್ತಿದ್ರೆ ಮಾಂಸ ಹಸಿಯಾಗಿ ಉಳಿಯುತ್ತೆ. ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಐದು ನಿಮಿಷ. ತೆಗೆಯೋ ಮುಂಚೆ ಮಾಂಸದ ಕೆಂಪು ಎಲ್ಲೂ ಉಳಿದಿಲ್ಲ ಅಂತ ನೋಡಿ, ಕೊನೆಗೆ ಅರ್ಧ ನಿಮಿಷ ಮುಚ್ಚಳ ತೆಗೆದು ಆವಿ ಬಿಡಿ. ಸೌದೆ ಒಲೆ ಇರೋರು ಕಬ್ಬಿಣದ ಮುಚ್ಚಳ ಮುಚ್ಚಿ ಮೇಲೆ ನಾಲ್ಕು ಕೆಂಡ ಇಡಿ. ಮೇಲೂ ಕೆಳಗೂ ಶಾಖ ಸಿಕ್ಕಿ ಕಲ್ಲೊಲೆಯ ಹತ್ತಿರ ಹತ್ತಿರ ಬರುತ್ತೆ. ಗ್ಯಾಸಿನ ರೊಟ್ಟಿಗೂ ಇದಕ್ಕೂ ಒಂದೇ ತುತ್ತಿಗೆ ವ್ಯತ್ಯಾಸ ಗೊತ್ತಾಗುತ್ತೆ.

ಬಿಸಿ ಇದ್ದಾಗಲೇ ಹಸಿ ಈರುಳ್ಳಿ, ಸೊಪ್ಪು ಹಾಕಿ, ನಿಂಬೆ ಹಿಂಡಿ, ಸುತ್ತಿ ತಿನ್ನಿ. ಜೊತೆಗೆ ಅವರು ಕುಡಿಯೋದು ‘ಆಯ್ರಾನ್’. ಏನು ಅಂದ್ರೆ ನೊರೆ ಬರೋ ಹಾಗೆ ಕಡೆದ ಉಪ್ಪು ಮಜ್ಜಿಗೆ. ನಮ್ಮ ಹಾಗೆ ಶುಂಠಿ, ಕರಿಬೇವು ಹಾಕಲ್ಲ, ಅಷ್ಟೇ. ಅದನ್ನ ಕೇಳಿ ನಮ್ಮಮ್ಮ, “ಮಜ್ಜಿಗೆ ಕುಡಿಯೋರು ಅಂದ್ರೆ ನಮ್ಮ ಥರದೋರೇ ಬಿಡು” ಅಂದ್ರು.

ಸೋಮವಾರ, ಶನಿವಾರ ಮಾಂಸ ತಿನ್ನದೋರು, ಯಾವತ್ತೂ ತಿನ್ನದೋರು ಇದ್ದೀರಿ. ಕೈಮದ ಜಾಗದಲ್ಲಿ ಹಿತಕಿದ ಅವರೆಬೇಳೆ ಬೇಯಿಸಿ ಒರಟಾಗಿ ಮಸೆದು ಹಾಕಿ ನೋಡಿದ್ದೀವಿ, ಅಣಬೆ ಕೊಚ್ಚಿ ಹುರಿದು ಹಾಕಿಯೂ ನೋಡಿದ್ದೀವಿ. ಎರಡೂ ಚೆನ್ನಾಗಿವೆ. ಅವರೆಬೇಳೆದಕ್ಕೆ ಟರ್ಕಿ ಹೆಸರು ಬೇಕಾಗಿಲ್ಲ, ಅದು ಕೋಲಾರದ್ದೇ ರೊಟ್ಟಿ.

ಖರ್ಚಿನ ಲೆಕ್ಕ ನೋಡಿ. ಕಾಲು ಕೆ.ಜಿ. ಮಾಂಸದಲ್ಲಿ ಸಾರು ಮಾಡಿದ್ರೆ ನಾಲ್ಕು ಜನಕ್ಕೆ ತಲೆಗೆ ಎರಡು ಚೂರು ಬರಲ್ಲ. ಇಲ್ಲಿ ಅದೇ ಮಾಂಸ ಎಂಟು ರೊಟ್ಟಿಗೆ ಹರಡಿ ಎಲ್ಲರ ಹೊಟ್ಟೆ ತುಂಬುತ್ತೆ. ಹೊಲದಲ್ಲಿ ಬಂದ ಹಿಟ್ಟು, ತರಕಾರಿ ಹೆಚ್ಚು, ದುಡ್ಡು ಕೊಟ್ಟು ತರೋದು ಕಡಿಮೆ. ಮಾಂಸ ಸ್ವಲ್ಪ ಇದ್ದೂ ರುಚಿ ತುಂಬ ಇರೋದು ಆ ಪೇಸ್ಟಿಂದ. ನನಗೆ ಇದು ಒಕ್ಕಲುಮಕ್ಕಳ ಲೆಕ್ಕಾಚಾರದ ಅಡುಗೆ ಹಾಗೆ ಕಾಣುತ್ತೆ.

ಈಗ ಮುಖ್ಯ ಮಾತಿಗೆ ಬರ್ತೀನಿ. ರೇಟು ಬಿದ್ದಾಗಲೆಲ್ಲ ಸಭೆಗಳಲ್ಲಿ ಒಬ್ಬರಾದ್ರೂ ಎದ್ದು ನಿಂತು “ರೈತರು ಮೌಲ್ಯವರ್ಧನೆ ಮಾಡಬೇಕು, ಪೇಸ್ಟ್ ಮಾಡಿ ಮಾರಬೇಕು” ಅಂತಾರೆ. ನಾವು ಚಪ್ಪಾಳೆ ತಟ್ಟಿ ಬರ್ತೀವಿ. ತಟ್ಟೆ ಇಟ್ಟು ನೋಡಿದ ಮೇಲೆ ನಾನು ಹೇಳೋದು ಇಷ್ಟು. ಒಂದು ಎಕರೆ ಕಟ್ಟಿದ ತೋಟದಲ್ಲಿ ಒಳ್ಳೇ ಬೆಳೆ ಬಂದರೆ 1,800 ಬಾಕ್ಸು ಅಂತ ಇಟ್ಕೊಳ್ಳಿ. ಎರಡು ಬಾಕ್ಸಿಗೆ ಐದು ತಟ್ಟೆ, ನಾಲ್ಕು ದಿನ ಬಿಸಿಲು. ಪೂರ್ತಿ ಬೆಳೆಗೆ 4,500 ತಟ್ಟೆ ಬೇಕು. ಯಾರ ಮಾಳಿಗೆಯಲ್ಲಿ ಜಾಗ ಇದೆ? ಬಿದ್ದ ರೇಟಿಗೆ ಇದು ಪರಿಹಾರ ಅಲ್ಲ. ಹಾಗಂತ ಹೇಳೋರ ಮಾತು ಕೇಳಿ ಸಾಲ ಮಾಡಬೇಡಿ.

ಕಾರ್ಖಾನೆ ಬರಲಿ ಅನ್ನೋದೂ ಮಾತಿನಷ್ಟು ಸುಲಭ ಇಲ್ಲ. ಟೊಮೆಟೊ ಬೆಳೆಯೋದರಲ್ಲಿ ಚೀನಾ, ಭಾರತ ಆದ ಮೇಲೆ ಟರ್ಕಿನೇ. ನಮ್ಮ ದೇಶದ್ದು ಸುಮಾರು 2 ಕೋಟಿ ಟನ್, ಅವರದು 1 ಕೋಟಿ 30 ಲಕ್ಷ ಟನ್ ಆಸುಪಾಸು. ಅವರ ಬೆಳೆಯಲ್ಲಿ ಒಳ್ಳೇ ಪಾಲು ಪೇಸ್ಟ್ ಕಾರ್ಖಾನೆಗೆ ಹೋಗುತ್ತೆ, ನಮ್ಮದರಲ್ಲಿ ಹೋಗೋದು ಬಹಳ ಕಡಿಮೆ. ಬುರ್ಸಾ, ಮನಿಸಾ ಕಡೆ ಕಾರ್ಖಾನೆಗೇ ಅಂತ ಬೇರೆ ಜಾತಿ ಬೆಳೀತಾರೆ. ಅದಕ್ಕೆ ಕಡ್ಡಿ ಕಟ್ಟಲ್ಲ, ನೆಲದ ಮೇಲೇ ಹಬ್ಬುತ್ತೆ, ಹಣ್ಣೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ಕೆಂಪಾಗುತ್ತೆ, ನೀರು ಕಡಿಮೆ, ಸತ್ವ ಜಾಸ್ತಿ. ಕಾರ್ಖಾನೆ ಪೇಸ್ಟು 28-30 ಬ್ರಿಕ್ಸ್ ಇರಬೇಕು, ಅಂದ್ರೆ ನೂರು ಗ್ರಾಮಲ್ಲಿ ಅಷ್ಟು ಗ್ರಾಂ ಸತ್ವ. ನಮ್ಮ ಹೈಬ್ರಿಡ್ ಹಣ್ಣು 4-5 ಬ್ರಿಕ್ಸ್. ಅದನ್ನ ಆರಿಸಿರೋದೇ ಲಾರಿಯಲ್ಲಿ ದೂರ ಹೋದರೂ ಒಡೆಯದ ಹಾಗೆ ಗಟ್ಟಿ ಸಿಪ್ಪೆ ಇರಲಿ ಅಂತ. ಬ್ರಿಕ್ಸ್ ಒಂದು ಕಡಿಮೆ ಆದರೂ ಕಾರ್ಖಾನೆಗೆ ಅಷ್ಟು ಹೆಚ್ಚು ನೀರು ಆವಿ ಮಾಡೋ ಖರ್ಚು. ಅದಕ್ಕೆ ನಮ್ಮ ಹಣ್ಣಿಗೆ ಅವರು ಕೊಡೋ ರೇಟು ಮಂಡಿಗಿಂತ ಮೇಲೇರಲ್ಲ. ಹೆಸರಘಟ್ಟದ ಐಐಎಚ್‌ಆರ್‌ನವರು ಸಂಸ್ಕರಣೆಗೆ ಅಂತಲೇ ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್ ತಳಿ ಬಿಟ್ಟಿದ್ದಾರೆ. ಆದ್ರೆ ಕೊಳ್ಳೋರ ಜೊತೆ ಮೊದಲೇ ಬರವಣಿಗೆಯ ಒಪ್ಪಂದ ಇಲ್ಲದೆ ಆ ತಳಿ ಹಾಕಿದ್ರೆ ಮತ್ತೆ ಅದೇ ಮಂಡಿ, ಅದೇ ಹರಾಜು.

ಮಧ್ಯದ ದಾರಿ ಒಂದಿದೆ. ಸ್ತ್ರೀಶಕ್ತಿ ಸಂಘದೋರು, ಎಫ್‌ಪಿಒದೋರು ಸೇರಿ ಸಣ್ಣ ಘಟಕ ಮಾಡೋದು. ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಶುರುವಾಯ್ತು. ಒಬ್ಬೊಬ್ಬರೇ ಹಾಕೋ ಘಟಕಕ್ಕೆ ಶೇಕಡಾ 35, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ, ಬ್ಯಾಂಕ್ ಸಾಲದ ಜೊತೆ ಜೋಡಿಸಿ ಕೊಡೋ ಯೋಜನೆ ಅದು. ಒಂದು ಜಿಲ್ಲೆ ಒಂದು ಉತ್ಪನ್ನ ಅನ್ನೋದರಲ್ಲಿ ಕೋಲಾರಕ್ಕೆ ಸಿಕ್ಕಿರೋದು ಟೊಮೆಟೊನೇ. ಈಗಿನ ನಿಯಮ ಏನು ಅಂತ ಕೃಷಿ ಇಲಾಖೆಯಲ್ಲಿ ಕೇಳಿಕೊಂಡೇ ಮುಂದೆ ಹೋಗಿ. ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಮೊದಲು ಕೊಳ್ಳೋರು, ಆಮೇಲೆ ಮಿಷಿನ್ನು. ಈ ಕ್ರಮ ತಿರುಗಿಸಿದೋರ ಮಿಷಿನ್ನುಗಳು ಪ್ಲಾಸ್ಟಿಕ್ ಹೊದ್ದು ನಿಂತಿರೋದನ್ನ ನೀವೂ ನೋಡಿರ್ತೀರಿ.

ಕೆಲಸದ ಹಂಚಿಕೆ ಬಗ್ಗೆಯೂ ಒಂದು ಮಾತು. ನಾಲ್ಕನೇ ದಿನ ತಟ್ಟೆ ಇಳಿಸುವಾಗ ನಮ್ಮನೆಯವಳು, “ರೀ, ಮೌಲ್ಯವರ್ಧನೆ ಅಂತ ನೀವು ಬರೀತೀರಿ. ಬಿಸಿಲಲ್ಲಿ ಏಣಿ ಹತ್ತಿ ತಿರುವೋದು ಯಾರು?” ಅಂದಳು. ಆ ಪ್ರಶ್ನೆಗೆ ಉತ್ತರ ಇಲ್ಲದೆ ಯಾವ ಯೋಜನೆಯೂ ನಿಲ್ಲಲ್ಲ. ಟರ್ಕಿಯ ಹಳ್ಳಿಗಳಲ್ಲೂ ಇದು ಹೆಂಗಸರ ದುಡಿಮೆಯ ಮೇಲೇ ನಿಂತಿದೆ. ನಮ್ಮ ಮನೇಲಿ ಈಗ ಹೀಗೆ ಮಾಡ್ಕೊಂಡಿದ್ದೀವಿ: ಕುದಿಸೋದು, ಸೋಸೋದು, ತಟ್ಟೆ ಹತ್ತಿಸೋದು ನಾನು ಮತ್ತು ಮಗ. ಉಪ್ಪು, ಹದ, ಬಾಟಲಿ ತುಂಬೋದು ಅವಳು. ಹದ ನೋಡೋ ಕೈ ಅವಳದೇ, ಅದರಲ್ಲಿ ತಕರಾರಿಲ್ಲ.

ಹಾಗಾದ್ರೆ ಏನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಸಣ್ಣದು, ಆದರೆ ನಿಜವಾದದ್ದು. ನಮ್ಮ ಮನೆಗೆ ವರ್ಷಕ್ಕೆ ಏಳು ಎಂಟು ಕೆ.ಜಿ. ಪೇಸ್ಟ್ ಸಾಕು, ಅಂದ್ರೆ ನಾಲ್ಕು ಬಾಕ್ಸು. ರೇಟು ಬಿದ್ದ ದಿನ ಆ ನಾಲ್ಕು ಬಾಕ್ಸಿಗೆ ಸಿಗೋ ದುಡ್ಡು ಟೀ ಕುಡಿಯೋಕೆ ಸರಿಹೋಗುತ್ತೆ. ಅದೇ ಹಣ್ಣು ರೇಟು ಏರಿದ ಕಾಲದಲ್ಲಿ ನಮ್ಮ ಸಾರಿಗೆ, ಗೊಜ್ಜಿಗೆ, ಈ ರೊಟ್ಟಿಗೆ ಬರುತ್ತೆ. ಆ ತಿಂಗಳು ಟೊಮೆಟೊ ಇರೋರು ಒಂದೊಂದು ಬಾಕ್ಸನ್ನೂ ಮಂಡಿಗೆ ಕಳಿಸಬಹುದು, ಮನೆಗೆ ಅಂತ ತೆಗೆದಿಡಬೇಕಾಗಿಲ್ಲ. ಇಲ್ಲದೋರು ಕೊಳ್ಳಬೇಕಾಗಿಲ್ಲ. ಸಾವಿರ ಅಡಿಯಿಂದ ಎತ್ತಿದ ನೀರಲ್ಲಿ ಬೆಳೆದಿದ್ದು, ಸ್ವಲ್ಪವಾದ್ರೂ ಬೆಳೆದವರ ಬಾಯಿಗೆ ಹೋಗುತ್ತೆ.

ಮುಂದಿನ ಫೆಬ್ರವರಿಗೆ ನಮ್ಮ ಬೀದಿಯ ಐದು ಮನೆಯೋರು ಒಂದೇ ದಿನ ಕುದಿಸೋಣ ಅಂತ ಮಾತಾಡ್ಕೊಂಡಿದ್ದೀವಿ. ಒಂದೇ ಒಲೆ, ಒಂದೇ ಜರಡಿ, ಸೌದೆ ಖರ್ಚು ಹಂಚಿಕೆ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆಯೋರು ನಿಮ್ಮಲ್ಲಿ ಯಾರಾದ್ರೂ ಇದನ್ನ ಮೊದಲೇ ಮಾಡ್ತಾ ಇದ್ದರೆ, ಎಷ್ಟು ಹಣ್ಣಿಗೆ ಎಷ್ಟು ಪೇಸ್ಟ್ ಬಂತು, ಯಾವ ತಳಿ, ಎಷ್ಟು ತಿಂಗಳು ಬಾಳಿಕೆ ಬಂತು ಅಂತ ಬರೆದು ತಿಳಿಸಿ. ಗಟ್ಟಿ ಸಿಪ್ಪೆಯ ಹೈಬ್ರಿಡ್ಡಿಗೂ ನಾಟಿ ಹುಳಿ ಟೊಮೆಟೊಗೂ ಎಷ್ಟು ವ್ಯತ್ಯಾಸ ಬರುತ್ತೆ ಅಂತ ತೂಗಿ ನೋಡಬೇಕು ಅನ್ನೋ ಆಸೆ ಇದೆ. ನಾಟಿ ಬೀಜ ಇಟ್ಟುಕೊಂಡಿರೋರು ಒಂದು ಚಿಟಿಕೆ ಕೊಟ್ಟರೆ ಬಾಟಲಿ ಒಂದು ನಿಮ್ಮ ಮನೆಗೆ.